ಕಾಣುವ ಗೋಡೆ

ಮೇಸ್ತ್ರಿಯ ಕೈಕೆಳಗಿನವರೆಲ್ಲ ಅವಳನ್ನು ಕಿರಿಸೊಸೆ ಎಂದೇ ಕರೆಯುತ್ತಿದ್ದರು. ಮೇಸ್ತ್ರಿ ಅವಳ ಗಂಡನ ಅಣ್ಣ. ಗಾರೆ ತುಂಬಿದ ಬಾಂಡ್ಲಿ ಹೊತ್ತು ಅರೆಕಟ್ಟಿದ ಮನೆಗಳ ಮಹಡಿ ಹತ್ತಿ ಇಳಿಯುವುದರಲ್ಲೇ ಅವಳ ವರ್ಷಗಳು ಕಳೆದಿದ್ದವು. ಈಗ ಕತ್ತು ಕೈಕೊಟ್ಟಿತ್ತು. ಇನ್ನು ತಲೆಹೊರೆ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆದರೇ ಅವಳಿಗೆ ಉಸಿರು ಕಟ್ಟುತ್ತಿತ್ತು. ಒಂದು ಬೆಳಗ್ಗೆ ಧೈರ್ಯ ಮಾಡಿ ಬಾವನ ಮುಂದೆ ನಿಂತು, ನನಗೂ ಗಾರೆ ಮೆತ್ತುವ ಕರಣೆ ಹಿಡಿಯಲು ಕಲಿಸಿ ಎಂದಳು.

ಬಾವ ನಗಲಿಲ್ಲ. ಈ ಮನೆ ಮುಗಿಯುವುದರೊಳಗೆ ಒಂದಿಡೀ ಗೋಡೆಗೆ ಒಪ್ಪುವಂತೆ ಗಾರೆ ಮಾಡಿ ತೋರಿಸಿದರೆ ನೀನೂ ಗಾರೆಯವಳೇ. ಆಗದಿದ್ದರೆ ಮತ್ತೆ ಕೇಳಬಾರದು ಎಂದ. ಕಲಿಯಲು ಬಚ್ಚಲುಮನೆಯ ಗೋಡೆ ಕೊಟ್ಟ. ಹೇಗೂ ಮೇಲೆ ಟೈಲ್ಸ್ ಕೂರುತ್ತದೆ, ಕೆಟ್ಟರೂ ಯಾರಿಗೂ ಕಾಣದು ಎಂಬುದು ಅವನ ಲೆಕ್ಕ.

ಆ ಗೋಡೆ ಅವಳಿಗೆ ಒಲಿಯಲೇ ಇಲ್ಲ. ಎಸೆದ ಗಾರೆ ಅಂಟಿದ ಹಾಗೆ ನಟಿಸಿ, ಮರುಗಳಿಗೆಗೆ ಅವಳ ಪಾದದ ಮೇಲೆ ಬೀಳುತ್ತಿತ್ತು. ಬಾವ ಬೆನ್ನ ಹಿಂದೆಯೇ ನಿಂತು, ಮಣಿಕಟ್ಟು ತಿರುಗಿಸು, ಮೊಣಕೈ ಒಳಗಿರಲಿ, ಹೆಗಲು ಬಿಗಿಯಬೇಡ ಎಂದು ಎಸೆತ ಎಸೆತಕ್ಕೂ ತಿದ್ದುತ್ತಿದ್ದ. ಮಣಿಕಟ್ಟು ನೋಡಿಕೊಂಡರೆ ಮೊಣಕೈ ತಪ್ಪುತ್ತಿತ್ತು; ಮೊಣಕೈ ನೋಡಿಕೊಂಡರೆ ಗೋಡೆಯೇ ತಪ್ಪುತ್ತಿತ್ತು. ಒಂದು ಸಲವಂತೂ ಗಾರೆ ಹಾರಿ ಬಾವನ ಮೀಸೆಯ ಮೇಲೆ ಕೂತಿತು. ಅಲ್ಲಿ ಮಾತ್ರ ಚೆನ್ನಾಗಿ ಅಂಟಿತು.

ಒಂದು ಮಧ್ಯಾಹ್ನ ಅವಳು ಬೇಸತ್ತು, ಈ ಗೋಡೆಯೇ ಸರಿಯಿಲ್ಲ ಬಾವ ಎಂದುಬಿಟ್ಟಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದ ಮೇಸ್ತ್ರಿ.

ಊಟದ ಡಬ್ಬಿ ತಂದಿದ್ದ ಅತ್ತೆ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದಳು. ಮಗನತ್ತ ತಿರುಗದೆಯೇ ಹೇಳಿದಳು: "ನೆಲ ನೆಟ್ಟಗೇ ಇದೆ ಕಣೋ. ನೀನು ಅವಳನ್ನ ಕತ್ತಲೆ ಕೋಣೇಲಿ ಕುಣಿಸ್ತಿದೀಯ. ಯಾರೂ ನೋಡದ ಕಡೆ ಯಾವಳಿಗೆ ಹೆಜ್ಜೆ ಬರುತ್ತೆ?"

ಆ ಮಾತು ಕಿರಿಸೊಸೆಯ ಒಳಗೆ ಇಳಿಯಿತು. ಸಂಜೆ ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ ಅವಳು ಒಬ್ಬಳೇ ಕೋಣೆ ಕೋಣೆ ತಿರುಗಿದಳು. ಕೈ ಎತ್ತಿದಾಗಲೆಲ್ಲ ತನ್ನೊಳಗೆ ಏನೋ ಒಂದು, ಹೇಗೂ ಇದು ಟೈಲ್ಸ್ ಕೆಳಗೆ ಮುಚ್ಚಿಹೋಗುತ್ತದಲ್ಲ ಎನ್ನುತ್ತಿತ್ತು. ಅದು ಈಗ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ನಡೆಯುತ್ತ ಮುಂದಿನ ಕೋಣೆಗೆ ಬಂದಳು. ಉದ್ದನೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು, ಪಕ್ಕದ ಬರಿಯ ಇಟ್ಟಿಗೆ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಒಂದೊಂದು ಉಬ್ಬಿಗೂ ಒಂದೊಂದು ನೆರಳು. ಅವಳು ಬಹಳ ಹೊತ್ತು ಅಲ್ಲೇ ನಿಂತಳು.

ಮರುದಿನ ಅದೇ ಗೋಡೆ ಬೇಕೆಂದಳು. ಬಾವ ಬೆಚ್ಚಿಬಿದ್ದ. ಅಂಥ ಗೋಡೆಗಳನ್ನು ಅವನು ಬೇರೆಯವರಿಗೆ ಬಿಟ್ಟವನೇ ಅಲ್ಲ.

"ಅದು ಚಾಡಿಕೋರ ಗೋಡೆ ಕಣಮ್ಮ. ಸಂಜೆ ಬಿಸಿಲು ಬಿದ್ದರೆ ಸಾಕು, ಎಲ್ಲೆಲ್ಲಿ ಕೈ ನಡುಗಿತು ಅಂತ ಎಲ್ಲಾ ಹೇಳಿಬಿಡುತ್ತೆ."

"ಹೇಳಲಿ ಬಾವ. ಅದಕ್ಕೇ ಬೇಕು." ಕರಣೆ ಎತ್ತಿಕೊಂಡು ಸೇರಿಸಿದಳು, "ನಾನು ಕರೆಯೋವರೆಗೂ ನೀವು ಒಳಗೆ ಬರಬೇಡಿ."

ಹಾಗಾದರೆ ಇದೇ ನಿನ್ನ ಗೋಡೆ, ಇನ್ನೊಂದಿಲ್ಲ ಎಂದು ಅವನು ಹೊರನಡೆದ. ಅತ್ತೆ ಬಾಗಿಲಲ್ಲಿ ಕಾಲು ಚಾಚಿ ಕಾವಲು ಕೂತಳು.

ಮೊದಲ ಎಸೆತ ಕಳಚಿ ಬಿತ್ತು. ತಿದ್ದಲು ಬೆನ್ನ ಹಿಂದೆ ಯಾರೂ ಇರಲಿಲ್ಲ. ಎರಡನೆಯದೂ ಬಿತ್ತು. ಆ ನಿಶ್ಶಬ್ದದಲ್ಲಿ ಅವಳಿಗೊಂದು ಸದ್ದು ನೆನಪಾಯಿತು. ಬಾಂಡ್ಲಿ ಇಳಿಸಿ ಬೆನ್ನು ತಿರುಗಿಸಿದಾಗಲೆಲ್ಲ ಹಿಂದಿನಿಂದ ಕೇಳುತ್ತಿದ್ದ, ಗಾರೆ ಗೋಡೆಗೆ ಕಚ್ಚಿಕೊಳ್ಳುವ ಗಟ್ಟಿ ಸದ್ದು. ಮಣಿಕಟ್ಟು, ಮೊಣಕೈ ಎಲ್ಲ ಮರೆತು ಆ ಸದ್ದಿಗಾಗಿಯೇ ಎಸೆದಳು. ಚಪ್ ಎಂದಿತು. ಗಾರೆ ನಿಂತಿತು. ಅದರ ಪಕ್ಕದಲ್ಲೇ ಇನ್ನೊಂದು ಚಪ್. ಆಮೇಲೆ ಕೈ ನಿಲ್ಲಲಿಲ್ಲ.

ಮಟ್ಟದ ಪಟ್ಟಿ ಎಳೆದಾಗ ಮೂಲೆಯಲ್ಲಿ ಗಾರೆ ಹೊಟ್ಟೆಯಂತೆ ಉಬ್ಬಿದ್ದು ಕಂಡಿತು. ಬಚ್ಚಲಲ್ಲಾಗಿದ್ದರೆ ಬಿಟ್ಟುಬಿಡುತ್ತಿದ್ದಳು. ಇಲ್ಲಿ ಯಾರೂ ಹೇಳದೆಯೇ ಕೆರೆದು ತೆಗೆದು ಮತ್ತೆ ಮಾಡಿದಳು. ಊಟಕ್ಕೆ ಕರೆದರೆ ಬರಲಿಲ್ಲ. ಬಾಗಿಲ ಬಳಿ ಎರಡು ಸಲ ಸುಳಿದ ಮಗನನ್ನು ಅತ್ತೆ ಎರಡು ಸಲವೂ ಕಣ್ಣಲ್ಲೇ ಓಡಿಸಿದಳು.

ಬಿಸಿಲು ಓರೆಯಾದಾಗ ಅವಳು ಬಾವನನ್ನು ಕರೆದಳು.

ಬೆಳಕು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಎಡವದೆ ಹರಿಯಿತು. ಮೇಸ್ತ್ರಿ ಪಟ್ಟಿ ಇಟ್ಟು ಅದರ ಅಡಿಯಲ್ಲಿ ಇಣುಕಿದ, ಅಡ್ಡಕ್ಕೆ ಇಟ್ಟು ಇಣುಕಿದ. ಕೊನೆಗೆ ಅವಳೇ ಹೇಳಿದಳು:

"ಕೆಳಗೆ, ನೆಲದ ಹತ್ತಿರ, ಒಂದು ಚೂರು ತಗ್ಗಿದೆ. ನಾಳೆ ಸರಿಮಾಡ್ತೀನಿ."

ಅವನು ಮಂಡಿಯೂರಿ ಹುಡುಕಿದ. ಕಣ್ಣು ಕಿರಿದು ಮಾಡಿ ಮತ್ತೆ ಹುಡುಕಿದ. "ನನಗೆ ಕಾಣ್ತಿಲ್ಲವಲ್ಲೇ," ಎಂದ.

ಅವಳಿಗೆ ಬೇಕಿದ್ದದ್ದು ಆ ಒಂದೇ ಮಾತು.

ಮರುದಿನ ಮುಂಜಾನೆ ಅವಳು ಆ ತಗ್ಗು ತುಂಬಿ, ಎದುರು ಗೋಡೆಗೆ ಕೈಹಾಕಿದಳು. ಅರ್ಧಕ್ಕೇ ಗಾರೆ ಮುಗಿಯಿತು. ಹೊರುವವರಲ್ಲಿ ಒಬ್ಬಳು ಕಡಿಮೆಯಾಗಿದ್ದಾಳೆ ಎಂಬುದು ಆಗ ಎಲ್ಲರಿಗೂ ಹೊಳೆಯಿತು.

"ಬಾವ, ಗಾರೆ," ಎಂದು ಕಿರಿಸೊಸೆ ಒಳಗಿನಿಂದ ಕೂಗಿದಳು.

ಮೇಸ್ತ್ರಿ ಆಚೆ ಈಚೆ ನೋಡಿದ. ಅಮ್ಮನ ಮುಖ ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಅವನು ಟವೆಲ್ಲು ಸುತ್ತಿ ತಲೆಗಿಟ್ಟು, ಬಾಂಡ್ಲಿ ಎತ್ತಿಕೊಂಡು, ಬಂದೆ ಬಂದೆ ಎನ್ನುತ್ತ ಒಳಗೆ ಹೋದ.