ಡಾಕ್ಟರ್ ಸಾಹೇಬರ ಸಣ್ಣ ಗಾಡಿ

ಜೇವರ್ಗಿಯ ಡಾಕ್ಟರ್ ನರಸಿಂಹರಾಯರ ಹತ್ತಿರ ಒಂದು ಸ್ಪೋರ್ಟ್ಸ್ ಕಾರು ಇದೆ ಎಂದರೆ ಹೊರಗಿನವರು ನಂಬುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡವರಂತೂ ಇನ್ನೂ ನಂಬುತ್ತಿರಲಿಲ್ಲ.

ಅದು ವಿಲಾಯತಿಯಿಂದ ಬಂದ ಗಾಡಿ. ತಲೆಯ ಮೇಲೆ ಮಡಚಿಡುವ ಬಟ್ಟೆಯ ಟಪ್ಪು, ಎರಡೇ ಬಾಗಿಲು, ಎರಡೇ ಸೀಟು, ಉದ್ದನೆಯ ಮೂತಿ. ರಾಯರು ಹೈದರಾಬಾದಿನಲ್ಲಿ ಓದು ಮುಗಿಸಿದ ವರ್ಷ ಒಬ್ಬ ಜಾಗೀರದಾರರ ಮನೆಯವರು ಹವೇಲಿಯನ್ನೂ ಕಾರನ್ನೂ ಒಟ್ಟಿಗೇ ಮಾರಲು ಇಟ್ಟಿದ್ದರು. ರಾಯರು ಹವೇಲಿಯನ್ನು ಬಿಟ್ಟು ಕಾರನ್ನು ಕೊಂಡರು. ಗಂಟೆಗೆ ನೂರು ಮೈಲಿ ಓಡುತ್ತದೆ ಎಂದು ಅದರ ಮುಳ್ಳಿನ ತಟ್ಟೆಯ ಮೇಲೆ ಬರೆದಿತ್ತು. ಮೂವತ್ತು ವರ್ಷಗಳಲ್ಲಿ ಆ ಮುಳ್ಳು ಮೂವತ್ತನ್ನು ದಾಟಿದ್ದು ಒಂದೇ ಸಲ. ಅದೂ ರಸೂಲನ ಗ್ಯಾರೇಜಿನಲ್ಲಿ, ಗಾಡಿಯನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದಾಗ.

ತಪ್ಪು ಗಾಡಿಯದಲ್ಲ. ಹಳ್ಳಿಯ ದಾರಿಯಲ್ಲಿ ಡಾಕ್ಟರ ಗಾಡಿ ಹೊರಟರೆ ಯಾರಾದರೂ ಕೈ ಎತ್ತುತ್ತಾರೆ, ಕೈ ಎತ್ತಿದರೆ ಡಾಕ್ಟರು ನಿಲ್ಲಲೇಬೇಕಾಗುತ್ತದೆ. ಮೊದಲ ವರ್ಷ ರಾಯರು ಪಕ್ಕದಲ್ಲಿ ಒಬ್ಬರನ್ನು ಕೂಡಿಸಿಕೊಂಡರು. ಎರಡನೆಯ ವರ್ಷ, ಮಡಚಿಟ್ಟ ಟಪ್ಪಿನ ಮೇಲೆ ಮೂರು ಮಂದಿ ಆರಾಮಾಗಿ ಕೂಡಬಹುದು ಎಂಬುದನ್ನು ಊರವರು ಕಂಡುಹಿಡಿದರು. ಆಮೇಲೆ ಒಂದು ದಿನ ರಸೂಲ ಯಾರೂ ಹೇಳದೆಯೇ ಹಿಂದುಗಡೆ ಕಬ್ಬಿಣದ ಕ್ಯಾರಿಯರ್ ಹಾಕಿದ. "ಮಂದಿ ಜಾರಿ ಬೀಳ್ತಾರ್ರಿ ಸಾಹೇಬ್ರ, ಹಿಡ್ಕೊಳ್ಳಾಕ ಏನರ ಬೇಕಲ್ಲ" ಎಂದ. ಅಂದಿನಿಂದ ಬಾಣಂತಿಯರು, ಬಾಸಿಂಗ ಕಟ್ಟಿದ ಮದುಮಗ, ಕಾಲು ಮುರಿದ ಆಡು, ಪರೀಕ್ಷೆಗೆ ಹೊರಟ ಮಾಸ್ತರು, ಎಲ್ಲರೂ ಅದರಲ್ಲಿ ತಿರುಗಿದರು. ರಾಯರು ಒಬ್ಬರೇ ಕೂತು ತಮ್ಮ ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಿದ ದಿನ ಮಾತ್ರ ಒಂದೂ ಇರಲಿಲ್ಲ.

ಆ ಒಂದು ದಿನ ರಾಯರಿಗೆ ಬೇಕಾಗಿತ್ತು. ಐವತ್ತೊಂಬತ್ತು ತುಂಬಿತ್ತು, ಬಲಗಣ್ಣಿಗೆ ಪೊರೆ ಬರತೊಡಗಿತ್ತು. ಇನ್ನು ಎರಡು ವರ್ಷ ಬಿಟ್ಟರೆ ಬೇಕೆಂದರೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಅವರು ಡಾಕ್ಟರು.

ಹೀಗಿರುವಾಗ ೧೯೯೯ರ ಸುಗ್ಗಿಯಲ್ಲಿ ಆಳಂದದ ಹರಿ ಬಂದ. ಹರಿ ರಾಯರ ಹೆಂಡತಿ ಶಾರದಾಬಾಯಿಯ ತಂಗಿಯ ಮಗ. ಕಲಬುರ್ಗಿಯಲ್ಲಿ ಕಾರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಬಂದದ್ದು ಹಳದಿ ಬಣ್ಣದ ಒಂದು ಹೊಸ ಕಾರಿನಲ್ಲಿ. ಅದೂ ಎರಡೇ ಸೀಟಿನದು, ಅದಕ್ಕೂ ಟಪ್ಪು ತೆರೆಯುತ್ತಿತ್ತು. ಆದರೆ ಇದು ಈ ಕಾಲದ್ದು. ನೆಲಕ್ಕೆ ಹತ್ತಿಕೊಂಡಂತೆ ತಗ್ಗು, ಹಿಂಭಾಗ ಜಾರುಬಂಡೆಯಂತೆ ನುಣುಪು.

"ಕಾಕಾ, ಹಳೇದು ಕೊಡ್ರಿ, ಇದನ್ನ ತಗೋರಿ," ಎಂದ ಹರಿ. "ನಿಮ್ಮ ಹಳೇ ಗಾಡಿಗೆ ಪುಣೇದಾಗ ಒಬ್ರು ಜೀವಾ ಬಿಡಾಕತ್ಯಾರ. ಮ್ಯಾಲ ಸ್ವಲ್ಪ ಹಾಕಿದ್ರಾತು. ಆದ್ರ ಇವತ್ತ ಸಂಜಿಗೇ ಹೇಳಬೇಕು. ಅಫಜಲಪುರದ ಒಬ್ಬ ಕಾಂಟ್ರಾಕ್ಟರ್ ಇದರ ಬೆನ್ನ ಹತ್ತ್ಯಾನ."

ರಾಯರು ಕಾರಿನ ಸುತ್ತ ಎರಡು ಸುತ್ತು ಹಾಕಿದರು. ಆಮೇಲೆ ಏನೂ ಆಸೆಯಿಲ್ಲದವರಂತೆ ಹೆಂಡತಿಯನ್ನು ಕೇಳಿದರು. "ನೀ ಏನಂತಿ?"

"ನಂದೇನದ?" ಎಂದರು ಶಾರದಾಬಾಯಿ. "ಮೂವತ್ತ ವರ್ಷ ಆ ಗಾಡ್ಯಾಗ ನನಗ ಸೀಟು ಸಿಕ್ಕದ್ದು ನಾಕ ಸಲ. ಇದ್ರಾಗ ಐದನೇ ಸಲ ಸಿಗ್ತದೇನು ನೋಡೂಣು."

"ಮೌಶಿ, ಇದ್ರಾಗ ಬ್ಯಾರೇದವ್ರಿಗೆ ಜಾಗಾನೇ ಇಲ್ಲ!" ಎಂದ ಹರಿ, ದೊಡ್ಡ ಗುಣವನ್ನು ಹೇಳುವವನಂತೆ.

ಅದೇ ಮಾತು ರಾಯರ ಕಿವಿಯಲ್ಲಿ ಉಳಿಯಿತು. ಹಿಂದೆ ಕೂಡಲು ಜಾಗವಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲ. ಯಾರ ಮನಸ್ಸನ್ನೂ ನೋಯಿಸದೆ, ಯಾರಿಗೂ ಇಲ್ಲ ಎನ್ನದೆ, ಮನುಷ್ಯ ಒಬ್ಬನೇ ಹೋಗಬಹುದು. ಅಂದು ಮಂಗಳವಾರ, ಪ್ರತಿ ಮಂಗಳವಾರ ಅವರು ನೆಲೋಗಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಹರಿ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟು, "ನೀವೊಬ್ರೇ ಹೋಗಿ ಬರ್ರಿ ಕಾಕಾ, ಓಡಿಸಿ ನೋಡ್ರಿ," ಎಂದ.

ಜೇವರ್ಗಿ ದಾಟುವವರೆಗೆ ಯಾರೂ ಕೈ ಎತ್ತಲಿಲ್ಲ. ಹಳದಿ ಗಾಡಿಯಲ್ಲಿ ಇರುವವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ರಾಯರಿಗೆ ಕಳವು ಮಾಡಿದಷ್ಟು ಖುಷಿಯಾಯಿತು. ಎರಡೂ ಕಡೆ ಎರೆಹೊಲ, ಮುಂದೆ ನೇರವಾದ ಡಾಂಬರು ರಸ್ತೆ. ಮುಳ್ಳು ನಲವತ್ತಕ್ಕೆ ಬಂತು, ಐವತ್ತಕ್ಕೆ ಬಂತು. ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲು ಎದ್ದು ನಿಂತವು. ಅರವತ್ತರ ಹತ್ತಿರ ಮುಳ್ಳು ನಡುಗುತ್ತಿದ್ದಾಗ ಮುಂದಿನ ರಸ್ತೆ ಕಪ್ಪು ಬಣ್ಣ ಬಿಟ್ಟು ಬಿಳಿಯಾಗಿ ಕಂಡಿತು.

ಜೋಳದ ತೆನೆ. ಸುಗ್ಗಿಯಲ್ಲಿ ಆ ಕಡೆ ಸಾಮಾನ್ಯವಾದ ಸಂಗತಿ: ರೈತರು ಕೊಯ್ದ ತೆನೆಯನ್ನು ರಸ್ತೆಯ ಮೇಲೆ ಮೊಣಕಾಲೆತ್ತರ ಹರವುತ್ತಾರೆ, ಬಸ್ಸು, ಲಾರಿಗಳು ಅದರ ಮೇಲೆ ಹಾಯ್ದು ಕಾಳು ಉದುರಿಸಿ ಕೊಡುತ್ತವೆ. ಪುಕ್ಕಟೆ ಕಣ, ಪುಕ್ಕಟೆ ಎತ್ತು. ರಾಯರ ಹಳೆಯ ಗಾಡಿಯನ್ನಂತೂ ನಿಲ್ಲಿಸಿ, ಹಿಂದೆ ಮುಂದೆ ಎರಡು ಸಲ ಹಾಯಿಸಿಕೊಂಡೇ ಬಿಡುತ್ತಿದ್ದರು.

ರಾಯರು ಬ್ರೇಕು ಹಾಕಿದರು. ತೆನೆಯ ಒಡೆಯ ಹಣಮಂತ್ರಾಯ ಬಂದು ಬಗ್ಗಿ ನೋಡಿದ.

"ಯಾರದಲೇ ಇದು ಆಟಗಿ ಗಾಡಿ... ಅಯ್ಯ! ಡಾಕ್ಟರ್ ಸಾಹೇಬ್ರು!"

ಅವನ ತಾಯಿ ನಿಂಬೆವ್ವ ಮೊರ ಕೆಳಗಿಟ್ಟು ಬಂದಳು. "ಯಪ್ಪಾ, ನಿನ್ನ ಗಾಡಿ ಎಲ್ಲದ?"

"ಮನ್ಯಾಗದ ಬೇ. ಅದನ್ನ ಕೊಟ್ಟು ಇದನ್ನ ತಗೋಬೇಕಂತ ಮಾಡೀನಿ."

ನಿಂಬೆವ್ವ ಒಳಗೆ ಇಣುಕಿದಳು. ಸುತ್ತಿ ಹಿಂದೆ ಹೋಗಿ ನುಣುಪು ಬೆನ್ನಿನ ಮೇಲೆ ಕೈಯಾಡಿಸಿದಳು. ಕೈ ಜಾರಿತು. "ಇದ್ರಾಗ ಮಂದಿ ಎಲ್ಲಿ ಕೂಡ್ತಾರ?"

"ಎರಡೇ ಸೀಟು ಬೇ."

"ಎರಡೇ!" ಎಂದಳು ನಿಂಬೆವ್ವ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಐದು ಮಂದಿಯ ಗಾಡಿಯನ್ನು ಕೊಟ್ಟು ಎರಡು ಮಂದಿಯದನ್ನು ಯಾರಾದರೂ ಸುಮ್ಮನೆ ತೆಗೆದುಕೊಳ್ಳುತ್ತಾರೆಯೆ? ಎತ್ತು ಮಾರಿ ಕರು ತಂದವನನ್ನು ನೋಡಿದರೆ ಅವನ ಮನೆಯ ಸ್ಥಿತಿ ತಿಳಿಯುವುದಿಲ್ಲವೆ? ಮುದುಕಿಯ ದನಿ ಇಳಿಯಿತು. "ಅಷ್ಟು ಅಡಚಣಿ ಬಂತೇನ ಯಪ್ಪಾ?"

"ಅಡಚಣಿ ಎಲ್ಲೀದು! ಇದಕ್ಕ ರೊಕ್ಕ ಜಾಸ್ತಿ ಬೇ. ಇದು ಭಾಳ ಜೋರ್ ಓಡ್ತದ."

"ಹೌದ್ರಿ, ಹೌದ್ರಿ," ಎಂದ ಹಣಮಂತ್ರಾಯ. ರಾಯರು ಗುಣವಾಗದ ರೋಗಿಗೆ 'ಆರಾಮಾಗ್ತದ' ಎಂದು ಹೇಳುವಾಗ ಯಾವ ದನಿಯಲ್ಲಿ ಹೇಳುತ್ತಿದ್ದರೋ ಅದೇ ದನಿ. "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಎಲ್ಲಾರ ಮನ್ಯಾಗೂ ಬರ್ತಾವ ಇಂಥ ದಿವಸ."

ಆಮೇಲೆ ಅವನು ರಸ್ತೆಯ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ನೋಡಿದ. "ಇದರ ಹೊಟ್ಟಿ ನೆಲಕ್ಕ ಹತ್ತೇದ್ರಿ. ತೆನಿ ಸಿಕ್ಕೊಂಡ್ರ ಬೆಂಕಿ ಹತ್ತೀತು. ತಡೀರಿ." ಎದ್ದು ಹೊಲದ ಕಡೆ ಕೂಗಿದ. "ಏ, ಎಲ್ಲಾರೂ ಬರ್ರಲೇ! ತೆನಿ ತೆಗೀರಿ!"

"ಬ್ಯಾಡೋ ಹಣಮಂತ್ರಾಯ, ನಾ ತಿರುಗಿ ಹೋಗ್ತೇನಿ."

"ಎಲ್ಲೀದ್ರಿ? ನೆಲೋಗ್ಯಾಗ ಮಂದಿ ಕಾಯ್ಕೋತ ಕುಂತಿರ್ತಾರ."

ಆರು ಮಂದಿ ಸೇರಿ ಮುಂಜಾನೆ ಎರಡು ತಾಸು ಹರವಿದ ತೆನೆಯನ್ನು ತೋಳಿನಲ್ಲಿ ತಬ್ಬಿ ತಬ್ಬಿ ರಸ್ತೆಯ ಪಕ್ಕ ಒಟ್ಟತೊಡಗಿದರು. ರಾಯರು ಕೈ ಹಚ್ಚಲು ಹೋದರೆ ನಿಂಬೆವ್ವ ಬಿಡಲಿಲ್ಲ; ಬೇವಿನ ನೆರಳಿಗೆ ಕರೆದೊಯ್ದು ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಗಾಡಿಯ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಬಡವಾದ ದನಕ್ಕೆ ಮೈ ತಿಕ್ಕಿದಂತಿತ್ತು ಅದು.

ಅಷ್ಟರಲ್ಲಿ ನೆಲೋಗಿಯ ಕಡೆ ಹೋಗುವ ಬಸ್ಸು ಹಿಂದಿನಿಂದ ಬಂದು ನಿಂತಿತು. ಕಂಡಕ್ಟರ್ ಕಲ್ಯಾಣಪ್ಪ ಇಳಿದು ಬಂದ. ಹಣಮಂತ್ರಾಯ ಅವನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಏನೋ ಹೇಳಿದ. ಕಲ್ಯಾಣಪ್ಪ ಒಮ್ಮೆ ಕಾರನ್ನು, ಒಮ್ಮೆ ರಾಯರನ್ನು ನೋಡಿ, ಟೊಪ್ಪಿಗೆ ತೆಗೆದು ಹಾಕಿಕೊಂಡ.

"ನಾ ಮುಂದ ಹೇಳ್ಕೋತ ಹೋಗ್ತೇನ್ರಿ ಸಾಹೇಬ್ರ," ಎಂದು ಬಸ್ಸು ಹತ್ತಿದ. ಏನು ಹೇಳುತ್ತಾನೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೋಗಿತ್ತು.

ಏನು ಹೇಳಿದ ಎಂಬುದು ದಾರಿಯಲ್ಲಿ ತಿಳಿಯಿತು. ಮುಂದೆ ನಾಲ್ಕು ಕಡೆ ತೆನೆ ಹರವಿದ್ದರು. ನಾಲ್ಕೂ ಕಡೆ ಬಸ್ಸು ನಿಂತು ಹೇಳಿ ಹೋಗಿತ್ತು. ರಾಯರು ಬರುವಷ್ಟರಲ್ಲಿ ರಸ್ತೆ ಖಾಲಿ, ಬಾರಿಗೆಯಿಂದ ಗುಡಿಸಿಟ್ಟಿದ್ದರು ಕೂಡ. ಜೀವಮಾನದಲ್ಲಿ ಅಂಥ ರಸ್ತೆ ಸಿಕ್ಕಿರಲಿಲ್ಲ. ಪಕ್ಕದ ಸೀಟು ಖಾಲಿ, ಹಿಂದೆ ಯಾರೂ ಇಲ್ಲ, ಮುಂದೆ ಒಂದು ಕಡ್ಡಿಯೂ ಇಲ್ಲ.

ಆದರೆ ಎರಡೂ ಬದಿಗೆ ಮಂದಿ ನಿಂತಿದ್ದರು. ತೆನೆಯ ಗುಡ್ಡೆಗಳ ಮುಂದೆ ಹೆಂಗಸರು, ಗಂಡಸರು, ಡಾಕ್ಟರ್ ಸಾಹೇಬರ ಸಣ್ಣ ಗಾಡಿ ಸುಖವಾಗಿ ದಾಟುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನೋಡುತ್ತಿದ್ದರು. ಜೋರಾಗಿ ಹೋದರೆ ಗುಡಿಸಿಟ್ಟ ಕಾಳಿನ ಮೇಲೆ ಧೂಳು ಹಾರುತ್ತದೆ, ಹೊಟ್ಟು ಅವರ ಕಣ್ಣಿಗೆ ಬೀಳುತ್ತದೆ. ರಾಯರು ಹದಿನೈದರಲ್ಲಿ ಹೋದರು. ಒಬ್ಬ ಮುದುಕ ದಾಟುವವರೆಗೂ ಪಕ್ಕದಲ್ಲೇ ನಡೆದು ಬಂದ. ಅವನಿಗೆ ಬೀಡಿಯ ಕೆಮ್ಮು ಇತ್ತು. ಆದರೂ ಹಿಂದೆ ಬೀಳಲಿಲ್ಲ.

ನೆಲೋಗಿಯಲ್ಲಿ ರೋಗಿಗಳು ತಮ್ಮ ರೋಗವನ್ನು ಬಿಟ್ಟು ಅವರ ಆರೋಗ್ಯ ವಿಚಾರಿಸಿದರು.

ಸಂಜೆಗೆ ಮುಂಚೆ ಹೊರಟು ಬರುವಾಗ ರಾಯರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಈಗ ತೆನೆ ಮತ್ತೆ ಹರವಿರುತ್ತಾರೆ. ಗಾಡಿಯ ಹೊಟ್ಟೆ ತಾಗಿದರೂ ಸರಿ, ಪಕ್ಕದ ಬಂಡಿದಾರಿಯಲ್ಲಿ ನಿಧಾನ ದಾಟಿ, ಉಳಿದ ರಸ್ತೆಯಲ್ಲಿ ಒಮ್ಮೆಯಾದರೂ ನೂರಕ್ಕೆ ತರಬೇಕು. ಆಮೇಲೆ ಹರಿಗೆ ಹೂಂ ಎನ್ನಬೇಕು. ಮಂದಿ ಏನು ತಿಳಿದರೆ ಏನು? ನಾಲ್ಕು ದಿನ ಅಂದು ಸುಮ್ಮನಾಗುತ್ತಾರೆ.

ಆದರೆ ತೆನೆ ಹರವಿರಲಿಲ್ಲ. ಗುಡ್ಡೆಗಳು ಮುಂಜಾನೆ ಇದ್ದ ಹಾಗೆಯೇ ಪಕ್ಕದಲ್ಲಿದ್ದವು, ಮೇಲೆ ತಾಡಪತ್ರಿ ಮುಚ್ಚಿತ್ತು. ರಾಯರು ಗಾಡಿ ನಿಲ್ಲಿಸಿ ಕೇಳಿದರು.

"ನೀವು ತಿರುಗಿ ಬರಾವ್ರಲ್ರಿ," ಎಂದಳು ಅಲ್ಲಿದ್ದ ಹೆಂಗಸು. "ಹರವಿದ್ರ ಮತ್ತ ತೆಗೀಬೇಕು, ನಿಮಗ ಹೊತ್ತಾಗ್ತದ. ಅದಕ್ಕ ಇವತ್ತಿಂದು ಬಿಟ್ಟೀವ್ರಿ."

"ಇಡೀ ದಿವಸ ಕೆಲಸ ಬಿಟ್ಟೀರೇನು?"

"ವಾರದಾಗ ಮಂಗಳವಾರ ಒಂದೇ ದಿವಸ ಹೌದಲ್ರಿ. ಇನ್ನ ಮುಂದ ಮಂಗಳವಾರ ಹರವೂದು ಬ್ಯಾಡಂತ ಮಾತಾಡ್ಕೊಂಡೀವಿ."

ರಾಯರು ಗೇರು ಹಾಕಿ ಮುಂದೆ ಹೊರಟರು. ಒಂದು ಹಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು, ಅವನ ಹೆಂಡತಿ, ಕಂಬಳಿ ಹೊದ್ದ ಮುದುಕಿ ನಿಂತಿದ್ದರು. ದೂರದಿಂದ ಗಂಡಸು ಕೈ ಎತ್ತಿದ. ಹಳದಿ ಗಾಡಿ ಯಾರದೆಂದು ಗುರುತಾದ ಕೂಡಲೇ ಎತ್ತಿದ ಕೈಯನ್ನು ತಲೆಗೆ ಒಯ್ದು ತುರಿಸಿಕೊಂಡ. ಗಾಡಿ ಹತ್ತಿರ ಬಂದಂತೆ ಮೂವರೂ ಹೊಲದ ಕಡೆ ತಿರುಗಿ, ಅಲ್ಲಿ ಏನೋ ಅಪರೂಪದ್ದು ನಡೆದಿದೆ ಎಂಬಂತೆ ನೋಡುತ್ತ ನಿಂತರು. ಹೊಲದಲ್ಲಿ ಕೊಯ್ದ ಜೋಳದ ಕೂಳೆಯ ಹೊರತು ಏನೂ ಇರಲಿಲ್ಲ. ಡಾಕ್ಟರಿಗೆ ಇಲ್ಲ ಎನ್ನುವ ಸಂಕಟ ಬರಬಾರದು, ಅಷ್ಟೇ.

ರಾಯರು ನಿಲ್ಲಿಸಿ ಮುದುಕಿಯನ್ನು ಹತ್ತಿಸಿಕೊಂಡರು. ಉಳಿದ ಇಬ್ಬರು, "ಹೋಗ್ರಿ ಹೋಗ್ರಿ, ನಮಗ ಬಸ್ಸೇ ಛಲೋ ಆಗ್ತದ," ಎಂದು ಎರಡೂ ಕೈ ಬೀಸಿದರು. ಮುದುಕಿ ಜೇವರ್ಗಿಯವರೆಗೂ ಸೀಟಿನ ತುದಿಯಲ್ಲಿ ಮುದುಡಿ ಕೂತಿದ್ದಳು, ಗಾಡಿಗೆ ಭಾರವಾದೀತೆಂದು.

ಹರಿ ಅಂಗಳದಲ್ಲೇ ಕಾಯುತ್ತಿದ್ದ. "ಹೆಂಗದ ಕಾಕಾ? ಎಷ್ಟಕ್ಕ ಒಯ್ದ್ರಿ?"

"ಹದಿನೈದು."

"ನೂರಾ ಹದಿನೈದು! ಶಾಭಾಸ್!"

"ಬರೇ ಹದಿನೈದು. ತೆನಿ ಬರೂತನಕ ಅರವತ್ತು, ಆಮ್ಯಾಲ ಹದಿನೈದೇ."

ಹರಿಯ ಮುಖ ಸಣ್ಣದಾಯಿತು. "ಇಂಜಿನ್ನಿನಾಗ ಏನರ ತೊಂದ್ರಿ ಬಂತೇನು?"

"ಗಾಡ್ಯಾಗ ಏನೂ ಇಲ್ಲೋ. ಮುತ್ತಿನಂಥಾ ಗಾಡಿ." ರಾಯರು ಕೀಲಿಕೈಯನ್ನು ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿದರು. ಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದು ಶಾರದಾಬಾಯಿಗೆ ಕಂಡಿತು, ಅವರು ಒಳಗೆ ಹೋಗಿ ಚಹಾ ತರುವ ನೆಪ ಮಾಡಿದರು. "ಆ ಕಾಂಟ್ರಾಕ್ಟರಗ ಕೊಡು," ಎಂದರು ರಾಯರು ಕೊನೆಗೆ. "ಅವನ ಮ್ಯಾಲ ಯಾರಿಗೂ ಅಷ್ಟು ಪ್ರೀತಿ ಇರ್ಲಿಕ್ಕಿಲ್ಲ. ಆರಾಮ ಓಡಿಸ್ತಾನ."

ಹರಿಗೆ ಏನೂ ತಿಳಿಯಲಿಲ್ಲ. ಚಹಾ ಕುಡಿದು ಹಳದಿ ಗಾಡಿಯಲ್ಲಿ ಹೋದ. ತಿರುವಿನಲ್ಲಿ ಅದು ಚಂದದ ಸದ್ದು ಮಾಡಿತು. ರಾಯರು ಆ ಸದ್ದು ನಿಲ್ಲುವವರೆಗೆ ಗೇಟಿನಲ್ಲೇ ಇದ್ದರು.

ಮುಂದಿನ ಮಂಗಳವಾರ ಅವರು ಹಳೆಯ ಗಾಡಿಯಲ್ಲಿ, ಹಿಂದೆ ಮೂವರನ್ನೂ ಪಕ್ಕದಲ್ಲಿ ಒಬ್ಬರನ್ನೂ ಹೇರಿಕೊಂಡು ಹೋದಾಗ, ರಸ್ತೆ ಖಾಲಿ ಇತ್ತು. ಮಾತಿನಂತೆ ಯಾರೂ ತೆನೆ ಹರವಿರಲಿಲ್ಲ. ಹಣಮಂತ್ರಾಯ ಗುಡ್ಡೆಯ ಮೇಲಿಂದ ಜಿಗಿದು ಓಡಿ ಬಂದ.

"ಬಿಡಿಸ್ಕೊಂಡ್ರಿ? ಸಾಹೇಬ್ರ, ಗಾಡಿ ಬಿಡಿಸ್ಕೊಂಡ್ರಿ? ಯವ್ವಾ, ಬಾ ಇಲ್ಲಿ! ಸಾಹೇಬ್ರ ಗಾಡಿ ತಿರುಗಿ ಬಂತು!"

"ನಾ ಎಲ್ಲೂ ಒತ್ತಿ ಇಟ್ಟಿರ್ಲಿಲ್ಲೋ," ಎಂದರು ರಾಯರು. ಯಾರೂ ಕೇಳಲಿಲ್ಲ. ನಿಂಬೆವ್ವ ಗಾಡಿಯ ಮೂತಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಹಿಂದೆ ಕೂತ ಮೂವರೂ ಅವಳ ಜೊತೆ ಕಣ್ಣೊರೆಸಿಕೊಂಡರು. ಆರು ಮಂದಿ ಓಡಾಡಿ ತಾಡಪತ್ರಿ ಕಿತ್ತು, ನೋಡುನೋಡುತ್ತಿದ್ದಂತೆ ತೆನೆಯನ್ನು ಗಾಡಿಯ ಮುಂದೆ ಹರವಿದರು.

"ಹಾಯಿಸ್ರಿ ಸಾಹೇಬ್ರ!" ಎಂದ ಹಣಮಂತ್ರಾಯ. "ಹಗೂರಕ್ಕ. ಜೋರ್ ಹೋದ್ರ ಕಾಳು ಸಿಡೀತಾವ."

ರಾಯರು ಹಗುರಕ್ಕೆ ಹಾಯಿಸಿದರು. ತೆನೆಯ ಆ ತುದಿಯಲ್ಲಿ ನಿಂತು ತಿರುಗಿ ನೋಡಿದರೆ ಎಲ್ಲರೂ ನಗುತ್ತಾ ಕೈ ಮಾಡಿ ಕರೆಯುತ್ತಿದ್ದರು.

"ಇನ್ನೊಂದ ಸಲ್ರಿ! ಹಿಂದಕ್ಕ ತಗೋರಿ, ಹಿಂದಕ್ಕ!"

ರಾಯರು ಒಂದು ಕೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಆನಿಸಿ, ಕುತ್ತಿಗೆ ತಿರುಗಿಸಿ, ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡರು.