ವಾಜಂತ್ರಿ ಇಲ್ಲದ ಅಕ್ಕಿಕಾಳು

ಅಫಜಲಪುರದಲ್ಲಿ ನಡೆಯಲಿದ್ದ ನನ್ನ ಮದುವೆಗೆ ಸನಾದಿ-ಡೋಲಿನ ವಾಜಂತ್ರಿ ಬೇಡವೆಂದು ನಾನೇ ಹೇಳಿದೆ. ಅಪ್ಪನ ಅಕ್ಕ ಸುಭದ್ರಾಬಾಯಿ ಕೆರಳಿದಳು.

“ಅಕ್ಕಿಕಾಳು ಬೀಳೂ ಮುಂದ ವಾಜಂತ್ರಿ ಇಲ್ಲಂದ್ರ ಸಾವಿನ ಮನಿ ಕಂಡಂಗ ಕಾಣ್ತದ, ಮಂಜರಿ.”

“ಬಾರಿಸಿದ್ರ ಖರೇನ ಸಾವಿನ ಮನಿ ಆಗ್ತದ, ಅತ್ಯಾ.”

ಹಿಂದೊಮ್ಮೆ ಮೊಬೈಲಿನ ಅಲಾರಾಂ ಹೊಡೆದುಕೊಂಡಾಗ ಎಚ್ಚರ ತಪ್ಪಿ ಬಿದ್ದವಳು ನಾನು. ಡಾಕ್ಟರು ತಿಳಿಸಿದ್ದನ್ನು ಅವಳಿಗೂ ಬಿಡಿಸಿ ಹೇಳಿದೆ. ಹೃದಯದ ಜೀವಕೋಶಗಳ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಪ್ರತಿ ಬಡಿತದಲ್ಲೂ ವಿದ್ಯುತ್ ಏರಿದ್ದನ್ನು ಅರಿತು ಅವು ತೆರೆದುಕೊಂಡು ಪೊಟ್ಯಾಸಿಯಂ ಹೊರಬಿಟ್ಟರೇನೇ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗುತ್ತದೆ. ಹುಟ್ಟಿನಿಂದಲೇ ನನ್ನಲ್ಲಿ ಅಂಥ ಬಾಗಿಲು ಕಡಿಮೆ. ಫಕ್ಕನೆ ಸದ್ದಾಗಿ ಬೆಚ್ಚಿದರೆ ಬಡಿತ ತಾಳ ತಪ್ಪುತ್ತದೆ, ನಿಂತೂಹೋಗಬಹುದು. ಅತ್ಯಾ ಮುಖ ತಿರುಗಿಸಿ ಎದ್ದುಹೋದಳು.

ಮದುವೆಯ ದಿನ ತಾಳಿ ಕಟ್ಟುವಾಗ ಎಷ್ಟು ಮೌನವಿತ್ತೆಂದರೆ ಅಕ್ಕಿಕಾಳು ಬಿದ್ದ ಸದ್ದೂ ಕೇಳಿಸಿತು. ಕಾಳು ಹಾಕಿದವರಲ್ಲಿ ಅತ್ಯಾ ಇರಲಿಲ್ಲ. ಇವತ್ತೂ ಸಿಟ್ಟೇನು ಎಂದು ನನಗೂ ಸಿಟ್ಟು ಬಂತು. ಹುಡುಕಿಕೊಂಡು ಮಂಟಪದ ಬಾಗಿಲಿಗೆ ಹೋದೆ.

ವರನ ಗೆಳೆಯರು ಕದ್ದುಮುಚ್ಚಿ ತಂದಿದ್ದ ಪಟಾಕಿ ಡಬ್ಬಾದ ಮೇಲೆ, ಹೊಸ ರೇಷ್ಮೆ ಸೀರೆಯಲ್ಲಿ, ಅತ್ಯಾ ಗಟ್ಟಿಯಾಗಿ ಕೂತಿದ್ದಳು.

“ಈಗ ಹಚ್ರಿ ನೋಡೋಣ,” ಎದುರು ನಿಂತ ಆ ಹುಡುಗರಿಗೆ ಅನ್ನುತ್ತಿದ್ದಳು.