ಯಾವೊರಿಯಲ್ಲಿ ಒಂದು ನಿಮಿಷ

"ಹಗ್ಗ ಸಡಿಲಿಸ್ರಪ್ಪಾ, ನಿಧಾನ!" ಎಂದು ಚೆನೆಕ್ ಕೂಗಿದ. ಪೆಟ್ಟಿಗೆ ಒಂದು ಕಡೆಗೆ ವಾಲಿ, ನೆಟ್ಟಗಾಗಿ, ಗುಂಡಿಗಿಳಿಯಿತು. ನಲವತ್ತು ವರ್ಷ ಲೋಕಲ್ ಗಾಡಿಯಲ್ಲಿ ಗಾರ್ಡಾಗಿದ್ದ ಹಿನೆಕ್ ಕುಬಾಲೆಕ್‌ನ ಮಣ್ಣು ಪಾದ್ರಿಯ ಕೆಮ್ಮಿನಿಂದಾಗಿ ಹದಿಮೂರು ನಿಮಿಷ ತಡವಾಗಿತ್ತು.

"ಅವನ ಗಾಡಿ ಯಾವತ್ತು ಟೈಮಿಗೆ ಹೊರಟಿತ್ತು ಹೇಳು," ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕು ಜನ ಅಳುತ್ತಲೇ ನಕ್ಕರು.

ಮಗಳು ಬ್ಲಾಂಕಾ ನಗಲಿಲ್ಲ. ಅವಳ ಕಣ್ಣು ಗೇಟಿನ ಕಡೆಗಿತ್ತು. ಅಲ್ಲಿಂದ ಅಲೊಯ್ಸಿಯಾ ಅಜ್ಜಿ ಕೋಟಿನ ಮರೆಯಲ್ಲಿ ಲಾಟೀನು ಹಿಡಿದು ಹಿಮದಲ್ಲಿ ತಡವರಿಸಿಕೊಂಡು ಬರುತ್ತಿದ್ದಳು. ಇವಳೊಬ್ಬಳು ಬರದಿದ್ದರೆ ಸಾಕು ಎಂದು ಬ್ಲಾಂಕಾ ಬೆಳಗಿನಿಂದ ಬೇಡಿಕೊಂಡಿದ್ದಳು.

ಜನ ದಾರಿ ಬಿಟ್ಟರು. ಆ ಲಾಟೀನು ಕಣಿವೆಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಹಿನೆಕ್ ರೈಲಿನಲ್ಲಿ ತಂದುಕೊಟ್ಟ ಬೆತ್ಲೆಹೇಮಿನ ದೀಪ ಅದು, ಅಂದಿನಿಂದ ಆರಿಲ್ಲ. ಅದೇ ವಾರ ಅಜ್ಜಿಯ ಮಗ ರಾದಿಮ್ ಮನೆಯಲ್ಲಿ ಜಗಳವಾಡಿ ಹೋದವನು ಮರಳಲೇ ಇಲ್ಲ. ಮೇಣದಿಂದ ಮೇಣಕ್ಕೆ ದಾಟಿಸುತ್ತಾ, ಒಂದು ರಾತ್ರಿಯೂ ಊರು ಬಿಡದೆ, ರೈಲುಹಾದಿಗೆ ಎದುರಾದ ಕಿಟಕಿಯಲ್ಲಿ ಅವಳು ಆ ದೀಪವಿಟ್ಟುಕೊಂಡು ಕಾಯುತ್ತಿದ್ದಾಳೆ. ಅದು ಉರಿಯುವ ತನಕ ಮಗ ಬದುಕಿದ್ದಾನೆ ಎಂದೇ ಅವಳ ನಂಬಿಕೆ, ಹಾಗೆಂದು ಊರು ಹೇಳುತ್ತದೆ.

ಅಜ್ಜಿ ಆ ಲಾಟೀನಿನಿಂದ ಸಮಾಧಿಯ ಮೇಣದಬತ್ತಿ ಹಚ್ಚಿದಳು. "ಅವನೇ ತಂದಿದ್ದು. ಒಂದು ಕುಡಿ ಅವನ ಜತೆಗಿರ್ಲಿ," ಎಂದಳು. ಆಮೇಲೆ ಬಗ್ಗಿ ಗುಂಡಿಯೊಳಕ್ಕೆ ಏನೋ ಪಿಸುಗುಟ್ಟಿದಳು.

ಬ್ಲಾಂಕಾ ಆ ಕುಡಿಯಿಂದ ಕಣ್ಣು ತಿರುಗಿಸಿದಳು.

*

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ, ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಹಚ್ಚಿ ಸ್ಕೌಟಿನವರು ವಿಯೆನ್ನಾ ಕಡೆಯಿಂದ ತರುವ ದೀಪವನ್ನು ನಮ್ಮ ಜಂಕ್ಷನ್ನಿನಲ್ಲಿ ಲೋಕಲ್ ಗಾಡಿಯ ಗಾರ್ಡಿಗೆ ಒಪ್ಪಿಸುತ್ತಾರೆ. ಅವನು ನಿಲ್ದಾಣಕ್ಕೊಮ್ಮೆ ಇಳಿದು, ಕಾದು ನಿಂತವರ ಲಾಟೀನುಗಳಿಗೆ ಹಚ್ಚುತ್ತಾ ಹೋಗಬೇಕು. ಬೆಂಕಿ ಯಾರ ಒಲೆಯಲ್ಲಿಲ್ಲ? ಇದರ ಬೆಲೆ ಇರುವುದು ಎಲ್ಲೂ ಆರದೆ ಕೈಯಿಂದ ಕೈಗೆ ಬಂದದ್ದರಲ್ಲಿ.

ಆ ವರ್ಷ ಅಲೊಯ್ಸಿಯಾಳ ಊರಾದ ಯಾವೊರಿಗೆ ಒಂದು ನಿಲ್ದಾಣ ಮುಂಚೆ ಬಾಗಿಲು ತೆಗೆದಾಗ ಗಾಳಿ ನುಗ್ಗಿತು, ದೀಪ ಆರಿತು. ಮುಂದಿನ ಪ್ಲಾಟ್‌ಫಾರ್ಮಿನಲ್ಲಿ ಊರಿಗೆ ಊರೇ ಹಾಡುತ್ತಾ ನಿಂತಿತ್ತು. ಬರಿಗೈಯಲ್ಲಿ ಇಳಿಯುವ ಧೈರ್ಯ ಹಿನೆಕ್‌ಗೆ ಬರಲಿಲ್ಲ. ಬೋಗಿಯಲ್ಲಿ ಎಚ್ಚರವಿದ್ದವರು ಯಾರೂ ಕಾಣಲಿಲ್ಲ. ಮೂಲೆಗೆ ತಿರುಗಿ, ಜೇಬಿನ ಸಿಗರೇಟ್ ಲೈಟರಿನಿಂದ ಹಚ್ಚಿಬಿಟ್ಟ.

ಬೇರೆಯವರ ದೀಪಗಳು ಹಬ್ಬ ಮುಗಿಯುವ ಹೊತ್ತಿಗೆ ಆರಿದವು, ಪಾಪವೂ ಅವುಗಳ ಜತೆ ಆರುತ್ತಿತ್ತೇನೋ. ಆದರೆ ಅಲೊಯ್ಸಿಯಾಳ ಕಿಟಕಿ ಉರಿಯುತ್ತಲೇ ಹೋಯಿತು. ಹಿನೆಕ್ ಮಡಿಲಲ್ಲಿ ಕೆಂಡ ಕಟ್ಟಿಕೊಂಡವನ ಹಾಗೆ ಬದುಕಿದ. ನಿವೃತ್ತಿಯಾದ ಮೇಲೂ ದಿನಾ ಸಂಜೆ ಅದೇ ಗಾಡಿ ಹತ್ತಿ, ಆ ಕಿಟಕಿ ನೋಡಿಕೊಂಡು ಬರುತ್ತಿದ್ದ. ಯಾವೊರಿಯಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದಾನೆಂದು ಹೆಂಡತಿ ಬೈಯುತ್ತಲೇ ತೀರಿಕೊಂಡಳು.

ಹೋದ ಬುಧವಾರ ಆಸ್ಪತ್ರೆಯಲ್ಲಿ ಅವನು ಇದನ್ನೆಲ್ಲ ಹೇಳಿ ಮಗಳ ತೋಳು ಹಿಡಿದುಕೊಂಡ. "ಅವ್ಳಿಗೆ ಹೇಳ್ಬಿಡು ಮಗಾ. ನನ್ ಕೈಲಾಗ್ಲಿಲ್ಲ."

"ಹೇಳಿದ್ರೆ ಆ ಮುದುಕಿ ಉಳೀತಾಳಾ ಅಪ್ಪ?"

ಅವನು ಹಿಡಿದ ತೋಳು ಬಿಡಲಿಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಜಂಕ್ಷನ್ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಬಿಸಿ ಸೂಪು ಕುಡಿದರು, ಪ್ಲಮ್ ಸಾರಾಯಿ ಲೋಟಕ್ಕೆ ಬಗ್ಗಿಸಿಕೊಂಡರು. ಹೊರಗೆ ಸ್ಕೌಟಿನವರು ಈ ವರ್ಷದ ದೀಪ ಹಿಡಿದು ಬಂದಿಳಿದ ಸದ್ದಾಯಿತು. ಜನ ತಂತಮ್ಮ ಲಾಟೀನು ಹಿಡಿದು ಎದ್ದರು. ಅಜ್ಜಿ ಮಾತ್ರ ಏಳಲಿಲ್ಲ, ಅವಳ ಹತ್ತಿರ ದೀಪ ಇತ್ತಲ್ಲ.

ಬ್ಲಾಂಕಾ ಎದುರಿಗೆ ಕೂತಳು.

"ಅಜ್ಜಿ, ಅಪ್ಪ ಒಂದ್ ಮಾತು ಹೇಳು ಅಂದಿದ್ರು. ಆ ದೀಪ... ಅದು ದಾರೀಲಿ ಆರಿಹೋಗಿತ್ತು."

"ಲೈಟರಲ್ಲಿ ಹಚ್ಚಿದ. ಗೊತ್ತು," ಎಂದಳು ಅಜ್ಜಿ, ಬ್ರೆಡ್ಡು ಮುರಿಯುತ್ತಾ. "ರಾದಿಮ್ ಸುದ್ದಿ ಕೇಳೋಕೆ ಪೊಲೀಸ್ ಠಾಣೆಗೆ ಹೋಗಿ ಅವತ್ತು ಅದೇ ಗಾಡೀಲಿ ವಾಪಸ್ ಬರ್ತಿದ್ದೆ. ಕೊನೇ ಸೀಟಲ್ಲಿದ್ದೆ. ಕಣ್ ಮುಚ್ಚಿದ್ದೆ ಅಷ್ಟೆ, ಮಗ ಕಾಣೆಯಾದೋಳಿಗೆ ನಿದ್ದೆ ಎಲ್ಲಿಂದ ಬರ್ಬೇಕು? ಲೈಟರ್ ಸದ್ದಿಗೆ ಕಣ್ ತೆಗ್ದೆ."

"ಮತ್ತೆ ಇಷ್ಟು ವರ್ಷ..."

"ಬೆತ್ಲೆಹೇಮಾದ್ರೇನು, ಲೈಟರಾದ್ರೇನು. ಕತ್ತಲಲ್ಲಿ ಬರೋನಿಗೆ ಮನೆ ಕಂಡ್ರೆ ಸಾಕು."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ? ಹತ್ತೊಂಬತ್ತು ವರ್ಷ ಅವ್ರು ನಿದ್ದೆ ಮಾಡ್ಲಿಲ್ಲ!"

"ನಾನೂ ಮಾಡ್ಲಿಲ್ಲ ಕಣೆ." ಅಜ್ಜಿ ಬ್ರೆಡ್ಡು ಕೆಳಗಿಟ್ಟಳು. "ಒಂದ್ ವರ್ಷ ಎಲ್ರೂ ಕೇಳಿದ್ರು, ರಾದಿಮ್ ಬಂದ್ನಾ ಅಂತ. ಆಮೇಲೆ ಪೊಲೀಸ್ರು ಮರೆತ್ರು. ಊರು ಮರೀತು. ನಿಮ್ಮಪ್ಪ ಒಬ್ನೇ ದಿನಾ ನನ್ ಕಿಟಕಿ ಕಡೆ ನೋಡೋನು. ನಂಗೊತ್ತು ಅಂದಿದ್ರೆ ಅವನ ಎದೆ ಹಗುರ ಆಗ್ತಿತ್ತು. ಆಮೇಲೆ ಯಾಕೆ ನೋಡ್ತಿದ್ದ? ಗುಂಡಿ ಹತ್ರ ಇವತ್ತು ತಪ್ಪಾಯ್ತು ಅಂದೆ. ಇನ್ನು ಯಾರು ನೋಡ್ತಾರೆ ಹೇಳು."

ಬ್ಲಾಂಕಾಗೆ ಮೇಜಿನ ಮೇಲಿನದನ್ನೆಲ್ಲ ಆ ಮುದುಕಿಯ ಮುಖಕ್ಕೆ ಎಸೆಯಬೇಕೆನಿಸಿತು. ಎದ್ದು ಹೊರಗೆ ಹೋದಳು.

ನಾಲ್ಕು ಗಂಟೆಗೇ ಕತ್ತಲಾಗಿತ್ತು. ಕೊನೆಯ ನಿಲ್ದಾಣದಲ್ಲಿದ್ದ ಮನೆಗೆ ಹೋಗಲು ಬ್ಲಾಂಕಾ ಅದೇ ಗಾಡಿ ಹತ್ತಬೇಕಿತ್ತು. ಅಜ್ಜಿಯಿಂದ ದೂರ, ಅವಳ ಮನೆಯ ಕಿಟಕಿ ಕಾಣದ ಕಡೆಯ ಸೀಟು ಹುಡುಕಿ ಕೂತಳು. ಬೋಗಿಯಲ್ಲಿ ಮಣ್ಣಿಗೆ ಬಂದವರೆಲ್ಲ ಮೊಣಕಾಲ ಮೇಲೆ ಹೊಸ ದೀಪಗಳನ್ನಿಟ್ಟುಕೊಂಡು, ಸತ್ತವನ ತಮಾಷೆಗಳನ್ನು ಹೇಳಿಕೊಂಡು ನಗುತ್ತಿದ್ದರು.

ಯಾವೊರಿಯಲ್ಲಿ ಗಾಡಿ ಒಂದು ನಿಮಿಷ ನಿಲ್ಲುತ್ತದೆ. ಅಜ್ಜಿ ಯಾರ ಕಡೆಗೂ ನೋಡದೆ ಇಳಿದು, ಲಾಟೀನನ್ನು ಕೋಟಿನ ಮರೆಗೆ ಸೇರಿಸಿ, ಏರು ಹತ್ತತೊಡಗಿದಳು. ಈಗ ಗಾರ್ಡಾಗಿರುವ ಚೆನೆಕ್ ಕಾದಿದ್ದವರ ಲಾಟೀನುಗಳಿಗೆ ಹಚ್ಚಿ ಮುಗಿಸಿ, ಸೀಟಿ ತುಟಿಗಿಟ್ಟ.

"ತಡೀರಿ ಮಾಮ!"

ತನ್ನದೇ ದನಿ ಎಂದು ಬ್ಲಾಂಕಾಗೆ ತಡವಾಗಿ ತಿಳಿಯಿತು. ಅವಳು ಆಗಲೇ ಏರಿನ ಕಡೆಯ ಗಾಜಿಗೆ ಹಣೆ ಒತ್ತಿ ನಿಂತಿದ್ದಳು.

"ಯಾಕೆ ಮಗಾ?"

"ಅಜ್ಜಿ ಇನ್ನೂ ಮನೆ ತಲುಪಿಲ್ಲ. ಕಿಟಕೀಲಿ ದೀಪ ಬರ್ಲಿ."

ಚೆನೆಕ್ ಗಡಿಯಾರ ನೋಡಿಕೊಂಡ, ಸೀಟಿ ಊದಲಿಲ್ಲ. ಒಳಗಿನ ನಗು ನಿಂತಿತು. ಒಬ್ಬೊಬ್ಬರಾಗಿ ಎದ್ದು, ದೀಪಗಳನ್ನು ಕೈಯಲ್ಲೇ ಹಿಡಿದು ಈ ಬದಿಗೆ ಬಂದರು. ಹಿಮದ ನಡುವೆ ಇಡೀ ಗಾಡಿ ಉರಿಯುವ ದೀಪಗಳೊಂದಿಗೆ ನಿಂತಿತ್ತು, ಎಲ್ಲರ ಮುಖವೂ ಏರಿನ ಮೇಲಿನ ಆ ಒಂದೇ ಕಿಟಕಿಯತ್ತ ತಿರುಗಿತ್ತು. ಅದಿನ್ನೂ ಕತ್ತಲಾಗಿಯೇ ಇತ್ತು.